ಗೋಬಿ ಗಾಡಿ ಪಕ್ಕದಲ್ಲಿ ಹೆಚ್ಚಿದ ಹಣ್ಣು ಇಡಬಹುದಾ? ಮಾಡಿದವರು ಅನುಭವ ಹೇಳಿ

ದಾವಣಗೆರೆ ಗಾಡಿ:
ಕಾಲೇಜು ಹತ್ತಿರ ಸಂಜೆ 4ರಿಂದ 10ರವರೆಗೆ ಗೋಬಿ, ಎಗ್ ರೈಸ್, ನೂಡಲ್ಸ್ ಗಾಡಿ ನಡೆಸುತ್ತೇನೆ. ಹಾಸ್ಟೆಲ್ ಹುಡುಗಿಯರು "ಅಣ್ಣ, ಬರೀ ಎಣ್ಣೆ ಆಯ್ತು, ಜೊತೆಗೆ ಹಣ್ಣು ಏನಾದ್ರೂ ಇಡಿ" ಅಂತಾರೆ. 30 ರೂಪಾಯಿಗೆ ಒಂದು ಡಬ್ಬಿ, ಪಪ್ಪಾಯಿ, ಕಲ್ಲಂಗಡಿ, ಅನಾನಸ್ ಹಾಕಿ ಕೊಡೋಣ ಅಂದುಕೊಂಡಿದ್ದೇನೆ. ಫ್ರಿಜ್ ಇಲ್ಲ. ನಾನು, ತಮ್ಮ ಇಬ್ಬರೇ. ದಿನಕ್ಕೆ ಎಷ್ಟು ಡಬ್ಬಿಯಿಂದ ಶುರು ಮಾಡಲಿ?

ಹುಬ್ಬಳ್ಳಿ ಕಲ್ಲಂಗಡಿ:
ಮಾಡಬೇಡ್ರೀ. ಕೈ ಸುಟ್ಟುಕೊಂಡವನು ಹೇಳ್ತಿದ್ದೇನೆ. 2022ರ ಮಾರ್ಚ್‌ನಲ್ಲಿ ಶುರು ಮಾಡಿದೆ. ಹಳೇ ಗಾಜಿನ ಬಾಗಿಲಿನ ಫ್ರಿಜ್ 16,500. ಅದನ್ನು ತರಲು ಟೆಂಪೋ 900. ತಂದ ವಾರಕ್ಕೆ ತಣ್ಣಗಾಗುವುದು ನಿಂತಿತು, ಗ್ಯಾಸ್ ತುಂಬಿಸಲು 2,400. ಏಪ್ರಿಲ್ ಪೂರ್ತಿ ದಿನಕ್ಕೆ 70 ಪ್ಲೇಟ್ ಹೋಯಿತು. ತಲೆ ತಿರುಗಿತು ನನಗೆ. ಮೇನಲ್ಲಿ ಮಂಡಿಯಲ್ಲಿ ಕೆಜಿಗೆ 14 ಅಂದರು ಅಂತ 150 ಕೆಜಿ ಕಲ್ಲಂಗಡಿ ಇಳಿಸಿದೆ. ಅವತ್ತೇ ಸಂಜೆ ಮಳೆ. ಮರುದಿನವೂ ಮಳೆ. ಮೂರನೇ ದಿನ ಆಲಿಕಲ್ಲು. ಪಕ್ಕದ ಮಿರ್ಚಿ ಭಜಿ ಗಾಡಿ ಮುಂದೆ ಜನ ಕೊಡೆ ಹಿಡಿದು ನಿಂತಿದ್ದರು, ನಾನು ನೊಣ ಹೊಡೆಯುತ್ತಾ ಕೂತಿದ್ದೆ. ಮೊದಲ ದಿನ ಹೆಚ್ಚಿಟ್ಟಿದ್ದೆಲ್ಲ ಹುಳಿ ವಾಸನೆ. ಗುರುತಿನವರ ಎಮ್ಮೆಗೆ ಹಾಕಲು ಒಯ್ದೆ. ಎಮ್ಮೆ ಮೂಸಿ ಮುಖ ತಿರುಗಿಸಿತು.

ಅದು ಸಾಲದು ಅಂತ ಜುಲೈ 1ರಿಂದ ಪ್ಲಾಸ್ಟಿಕ್ ಪ್ಲೇಟು, ಫೋರ್ಕು ಎಲ್ಲಾ ಬಂದ್. ಅಗ್ಗಕ್ಕೆ ಸಿಕ್ಕಿತು ಅಂತ 3,000 ಫೋರ್ಕ್ ತಂದಿಟ್ಟಿದ್ದೆ. ಫ್ರಿಜ್ ಈಗ ಪಡಸಾಲೆಯಲ್ಲಿದೆ. ಮನೆಯವರು ಅದರಲ್ಲಿ ಸೀರೆ ಜೋಡಿಸಿಟ್ಟಿದ್ದಾರೆ.

ಮೈಸೂರು ಹಣ್ಣಕ್ಕ:
150 ಕೆಜಿ ಒಟ್ಟಿಗೆ ತಂದದ್ದು ನಿಮ್ಮ ತಪ್ಪು, ಹಣ್ಣಿನ ತಪ್ಪಲ್ಲ. ನಾನು 2018ರಿಂದ ಆಫೀಸುಗಳಿಗೆ ಡಬ್ಬಿ ಕೊಡುತ್ತಿದ್ದೇನೆ. 12 ಡಬ್ಬಿಯಿಂದ ಶುರು, ಈಗ 85. ಕೊರೊನಾದಲ್ಲಿ ಪೂರ್ತಿ ನಿಂತಿತು, ಆಗ ಸ್ಟೀಲ್ ಡಬ್ಬಿ ತೊಳೆದು ಅಟ್ಟಕ್ಕೆ ಹಾಕಿ ಅತ್ತೆ. ಆದರೂ ಬಿಡಲಿಲ್ಲ.

ಬೆಳಿಗ್ಗೆ 4ಕ್ಕೆ ದೇವರಾಜ ಮಾರುಕಟ್ಟೆ ಕಡೆ ಹೋಗುತ್ತೇನೆ. 5:30ಕ್ಕೆ ಹೆಚ್ಚಲು ಕೂರುತ್ತೇವೆ. ಪಪ್ಪಾಯಿ, ಸೀಬೆ, ದಾಳಿಂಬೆ ಮಾತ್ರ. ಕಲ್ಲಂಗಡಿ ಒಂದೇ ಡಬ್ಬಿಯಲ್ಲಿ ಹಾಕಿದರೆ ನೀರು ಬಿಟ್ಟು ಉಳಿದದ್ದನ್ನೂ ಕೆಡಿಸುತ್ತದೆ. ಸೇಬಿಗೆ ನಿಂಬೆಹಣ್ಣು ಹಿಂಡಿದರೂ ಎರಡು ಗಂಟೆಗೆ ಕಂದು ಬಣ್ಣ, ಗಿರಾಕಿ ಹಳೇದು ಅಂತ ಜಗಳಕ್ಕೆ ಬರುತ್ತಾರೆ. ದಾಳಿಂಬೆ ಬಿಡಿಸಲು ಬರುವ ಅಮ್ಮನಿಗೆ ಗಂಟೆಗೆ 80 ಕೊಡುತ್ತೇನೆ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. 8:30ಕ್ಕೆ ಡಬ್ಬಿ ಟೇಬಲ್ ಮೇಲೆ ಇರುತ್ತದೆ. ಫ್ರಿಜ್ ಗಿಜ್ ಏನೂ ಇಲ್ಲ. ಇವತ್ತಿನವರೆಗೆ ಒಂದು ದೂರಿಲ್ಲ.

ಹೊಟ್ಟೆ ಕೆಟ್ಟವನು:
ಮೇಡಂ, 5:30ಕ್ಕೆ ಹೆಚ್ಚಿ 8:30ಕ್ಕೆ ಕೊಟ್ಟು, ಅವರು 11ಕ್ಕೆ ತಿಂದರೆ ಐದೂವರೆ ಗಂಟೆ! ಹೆಚ್ಚಿದ ಹಣ್ಣು ತಣ್ಣಗಿಡದೆ ಎರಡು ಗಂಟೆ ದಾಟಬಾರದು. ಇಡುವುದಾದರೆ 5 ಡಿಗ್ರಿ ಒಳಗೆ. ಸಿಪ್ಪೆ ಮೇಲಿನ ಕೊಳೆ ಚಾಕುವಿನ ಜೊತೆ ಒಳಗೆ ಹೋಗುತ್ತದೆ, ಅದಕ್ಕೇ ಹೆಚ್ಚುವ ಮೊದಲು ಇಡೀ ಹಣ್ಣು ತೊಳೆಯಬೇಕು. ಕಳೆದ ವರ್ಷ ಬೆಂಗಳೂರಲ್ಲಿ ಬಸ್ ಸ್ಟಾಪ್ ಹತ್ತಿರ ಒಂದು ಪ್ಲೇಟ್ ಪಪ್ಪಾಯಿ ತಿಂದೆ. 30 ರೂಪಾಯಿ ಪ್ಲೇಟು. ಆಮೇಲೆ ಡ್ರಿಪ್ಸ್, ಔಷಧಿ, ರಕ್ತ ಪರೀಕ್ಷೆ ಸೇರಿ 7,850. ನಾಲ್ಕು ದಿನ ಸಂಬಳ ಬೇರೆ. ಹಣ್ಣಿನ ಮೇಲೆ ಐಸ್ ಗಡ್ಡೆ ಇಟ್ಟಿದ್ದ. ಆ ಐಸ್ ಮೀನಿಗೆ ಹಾಕುವುದಾ ತಿನ್ನುವುದಾ ಅಂತ ಕೇಳಲಿಲ್ಲ ನಾನು, ದಡ್ಡ.

ಮೈಸೂರು ಹಣ್ಣಕ್ಕ:
ಯಾರೋ ಬೀದಿಯಲ್ಲಿ ಕೊಟ್ಟದ್ದಕ್ಕೆ ನನ್ನ ಮೇಲೆ ಯಾಕೆ ರೇಗುತ್ತೀರಿ? ನನ್ನ ಡಬ್ಬಿಗಳು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಮನೆಯಲ್ಲೇ ಮಾಡಿದ ಐಸ್ ಪ್ಯಾಕ್ ಜೊತೆ ಹೋಗುತ್ತವೆ. ಮೊದಲು ಕೇಳಿ, ಆಮೇಲೆ ಬೈಯಿರಿ.

ಹೊಟ್ಟೆ ಕೆಟ್ಟವನು:
ಫ್ರಿಜ್ ಗಿಜ್ ಇಲ್ಲ ಅಂದವರು ನೀವೇ. ಐಸ್ ಪ್ಯಾಕ್ ಏನು ಹಂಡೆಯಲ್ಲಿ ಗಟ್ಟಿಯಾಯಿತಾ?

ನ್ಯೂಜೆರ್ಸಿ ಕನ್ನಡಿಗ:
ಇಲ್ಲಿ ಮೆಕ್‌ಡೊನಾಲ್ಡ್ಸ್ 2012ರ ಹೊತ್ತಿಗೆ ಮಕ್ಕಳ ಹ್ಯಾಪಿ ಮೀಲ್ ಜೊತೆ ಸೇಬಿನ ಹೋಳು ಕೊಡಲು ಶುರು ಮಾಡಿತು, ಫ್ರೈಸ್ ಕಡಿಮೆ ಮಾಡಿತು. ಆ ಹೋಳು ಕಂದಾಗುವುದಿಲ್ಲ. ಕ್ಯಾಲ್ಸಿಯಂ ಆಸ್ಕಾರ್ಬೇಟ್ ಹಾಕಿರುತ್ತಾರೆ, ವಿಟಮಿನ್ ಸಿ ಥರದ್ದೇ. ನನ್ನ ಮಗ ಫ್ರೈಸ್ ತಿಂದು ಸೇಬಿನ ಪೊಟ್ಟಣ ಕಾರಿನ ಸೀಟಿನ ಕೆಳಗೆ ತಳ್ಳುತ್ತಿದ್ದ. ಕಾರು ಮಾರುವಾಗ ಒಂಬತ್ತು ಪೊಟ್ಟಣ ಸಿಕ್ಕಿದವು. ಜೊತೆಗೆ ಇಟ್ಟ ಮಾತ್ರಕ್ಕೆ ಯಾರೂ ತಿನ್ನುವುದಿಲ್ಲ ಸರ್.

ಶಿವಮೊಗ್ಗ ಮಂಚೂರಿ:
ಅಣ್ಣ, ಅಮೆರಿಕ ಆಮೇಲೆ. ಇಲ್ಲಿ ನಿಜವಾಗಿ ಗೋಬಿ ಗಾಡಿಯಲ್ಲಿ ಹಣ್ಣು ಇಟ್ಟವನು ನಾನೊಬ್ಬನೇ ಅನ್ನಿಸುತ್ತದೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಬಣ್ಣ ಹಾಕುವಂತಿಲ್ಲ ಅಂದಿತಲ್ಲ, ಆಗ ನನ್ನ ವ್ಯಾಪಾರ ಅರ್ಧಕ್ಕೆ ಬಿತ್ತು. ಕೆಂಪಗಿಲ್ಲ ಅಂದರೆ ಹುಡುಗರು ಪ್ಲೇಟ್ ಮುಟ್ಟುತ್ತಿರಲಿಲ್ಲ. ಅದಕ್ಕೆ ಅನಾನಸ್ ಇಟ್ಟೆ.

ಮೊದಲ ವಾರವೇ ಒಬ್ಬ ಹುಡುಗ ಪ್ಲೇಟ್ ವಾಪಸ್ ತಂದ. "ಅಣ್ಣ, ಅನಾನಸ್ ಈರುಳ್ಳಿ ವಾಸನೆ ಬರ್ತಿದೆ." ತಿಂದು ನೋಡಿದೆ, ಹೌದು. ಎಲ್ಲದಕ್ಕೂ ಒಂದೇ ಮಣೆ, ಒಂದೇ ಚಾಕು, ಒಂದೇ ಒರೆಸುವ ಬಟ್ಟೆ. ಮರದ ಮಣೆಗೆ ಬೆಳ್ಳುಳ್ಳಿ ಇಳಿದರೆ ಎಷ್ಟು ತಿಕ್ಕಿದರೂ ಹೋಗಲ್ಲ. ಬೇರೆ ಮಣೆ 350, ಚಾಕು 180. ಕೊನೆಗೆ ಹೆಚ್ಚುವುದನ್ನೇ ಅಮ್ಮನಿಗೆ ಒಪ್ಪಿಸಿದೆ. ಮೂರುವರೆಗೆ ಮನೆಯಲ್ಲಿ ಹೆಚ್ಚಿ ಕೊಡುತ್ತಾಳೆ. ಬರೀ 15 ಡಬ್ಬಿ. 6ಕ್ಕೆ ಉಳಿದಿದ್ದರೆ ನಾವೇ ತಿನ್ನುತ್ತೇವೆ. ಒಂದು ವಾರ ದಿನಾ ಉಳಿದು ತಮ್ಮನ ನಾಲಿಗೆ ಸುಲಿದು ಹೋಯಿತು, ಅನಾನಸ್ ಜಾಸ್ತಿ ತಿಂದರೆ ಗೊತ್ತಲ್ವಾ. 60 ರೂಪಾಯಿ ಕಾಯಿಗೆ ಜುಟ್ಟು, ಸಿಪ್ಪೆ, ಕಣ್ಣು, ನಡುಗಂಬ ತೆಗೆದರೆ ಮೂರೇ ಡಬ್ಬಿ. ಡಬ್ಬಿಗೆ ಹಣ್ಣಿನ ಖರ್ಚು 20, ಕಾಗದದ ಡಬ್ಬಿ 4, ಕಡ್ಡಿ, ಟಿಶ್ಯೂ 1. 30ಕ್ಕೆ ಮಾರಿದರೆ 5 ರೂಪಾಯಿ ಸಿಗುತ್ತದೆ, ಅಮ್ಮನ ಕೂಲಿ ಸೊನ್ನೆ.

ಕೋಲಾರದ ಖಾರ:
ಉಪ್ಪು ಖಾರ ಹಾಕಿ ತೋತಾಪುರಿ ಕೊಡಿ ಗುರು. ಫ್ರಿಜ್ ಬೇಡ, ಡಬ್ಬಿ ಬೇಡ, ಗಿರಾಕಿ ಬಂದ ಮೇಲೆ ಹೆಚ್ಚಿದರೆ ಸಾಕು. ಪೇರಲೆಯೂ ಹಾಗೇ. ಪಪ್ಪಾಯಿ ಡಬ್ಬಿ ಎಲ್ಲಾ ರೋಗಿಗಳ ಊಟ.

ಮೈಸೂರು ಹಣ್ಣಕ್ಕ:
ಆರೋಗ್ಯಕ್ಕೆ ಅಂತ ಕೊಡುವ ಹಣ್ಣಿಗೆ ಮೇಲೆ ಉಪ್ಪು ಸುರಿದರೆ ಏನು ಬಂತು? ಮತ್ತೆ ಅದು ಪೇರಲೆ ಅಲ್ಲ, ಸೀಬೆ.

ಹುಬ್ಬಳ್ಳಿ ಕಲ್ಲಂಗಡಿ:
ಪೇರಲೆನೇ. ನಮ್ಮ ಕಡೆ ಎಲ್ಲಾ ಪೇರಲ ಅಂತೀವಿ. ಮೈಸೂರಿನವರು ಇಟ್ಟ ಹೆಸರೇ ಹೆಸರಾ?

ಕೋಲಾರದ ಖಾರ:
ಕಲ್ಲಂಗಡಿ ಅಣ್ಣ, ಮೊದಲ ಸಲ ನಿಮ್ಮ ಮಾತು ಒಪ್ಪಿದೆ.

ದಾವಣಗೆರೆ ಗಾಡಿ:
15 ಡಬ್ಬಿಯಿಂದ ನೋಡುತ್ತೇನೆ. ಶಿವಮೊಗ್ಗದ ಅಣ್ಣ, ಕಾಗದದ ಡಬ್ಬಿ 4ಕ್ಕೆ ಎಲ್ಲಿ ಸಿಗುತ್ತೆ? ನನಗೆ 6 ಹೇಳುತ್ತಿದ್ದಾರೆ.

ಶಿವಮೊಗ್ಗ ಮಂಚೂರಿ:
ಸಾವಿರ ತಗೊಂಡರೆ 4. ನೂರಕ್ಕೆ 6 ಸರಿನೇ. ಸಾವಿರ ತಗೋಬೇಡಿ, ಇಲಿ ಕಡಿಯುತ್ತೆ.

ಮೈಸೂರು ಹಣ್ಣಕ್ಕ:
ಹುಬ್ಬಳ್ಳಿಯವರೇ, ಆ ಫ್ರಿಜ್ ಎಷ್ಟು ಲೀಟರಿನದು?

ಹುಬ್ಬಳ್ಳಿ ಕಲ್ಲಂಗಡಿ:
ಈಗ ಬಂದ್ರಾ ದಾರಿಗೆ! 300 ಲೀಟರ್. ಗಾಜಿನ ಮೂಲೆಯಲ್ಲಿ ಸಣ್ಣ ಬಿರುಕಿದೆ, ಮೊದಲೇ ಹೇಳುತ್ತಿದ್ದೇನೆ. 9,000. ಟೆಂಪೋ ನಿಮ್ಮದೇ.

ಮೈಸೂರು ಹಣ್ಣಕ್ಕ:
6,000. ಸೀರೆ ತೆಗೆದು ಒರೆಸಿ ಕೊಡಬೇಕು.