ಕುತ್ತಿಗೆ ತಾನಾಗೇ ತಿರುಗುತ್ತೆ, ಟೆನ್ಷನ್ ಆದ್ರೆ ಇನ್ನೂ ಜಾಸ್ತಿ. ಏನು ಮಾಡಲಿ?

ಪ್ರಶ್ನೆ (ಹೊಸನಗರದ ಸದಸ್ಯೆ):
ನಮಸ್ಕಾರ ಮೇಡಂ. ನನಗೆ 47 ವರ್ಷ, ಸೊಸೈಟಿಯಲ್ಲಿ ಕ್ಯಾಶ್ ಕೌಂಟರ್ ಕೆಲಸ. ತಲೆ ತಾನಾಗೇ ಎಡಕ್ಕೆ ತಿರುಗುತ್ತದೆ. ಸರ್ವೈಕಲ್ ಡಿಸ್ಟೋನಿಯಾ, ಅಂದರೆ ಕುತ್ತಿಗೆಯ ಸ್ನಾಯು ತಾನಾಗೇ ಎಳೆಯುವ ಕಾಯಿಲೆ ಅಂತ ನರರೋಗ ತಜ್ಞರು ಹೇಳಿದ್ದಾರೆ, ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ ನಡೆಯುತ್ತಿದೆ. ಮನೆಯಲ್ಲಿ ಒಬ್ಬಳೇ ಇದ್ದಾಗ ಪರವಾಗಿಲ್ಲ. ಕೌಂಟರ್ ಮುಂದೆ ಕ್ಯೂ ಬೆಳೆದರೆ, ನೆಂಟರ ಮನೆಗೆ ಹೋದರೆ ಕುತ್ತಿಗೆ ನನ್ನ ಮಾತೇ ಕೇಳುವುದಿಲ್ಲ. ಜನ ನೋಡುತ್ತಾರೆ ಅಂತ ತಲೆಯನ್ನು ಬಲವಂತವಾಗಿ ನೇರ ಹಿಡಿದು ಕೂರುತ್ತೇನೆ. "ಎಲ್ಲಾ ತಲೆಗೆ ಹಚ್ಚಿಕೊಳ್ತೀಯ, ಅದಕ್ಕೇ ಹೀಗೆ" ಅಂತಾರೆ ಅತ್ತೆ. ಇದು ಟೆನ್ಷನ್‌ನಿಂದಲೇ ಬಂದಿದ್ದಾ? ಟೆನ್ಷನ್ ಬಿಟ್ಟರೆ ಹೋಗುತ್ತಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಶಿವಮೊಗ್ಗ):
ಇಲ್ಲ, ಟೆನ್ಷನ್‌ನಿಂದ ಬಂದಿದ್ದಲ್ಲ. ಮೈಯ ಚಲನೆಯನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಮಿದುಳಿನ ಆಳದಲ್ಲಿದೆ, ತೊಂದರೆ ಇರುವುದು ಅಲ್ಲಿ. ಟೆನ್ಷನ್ ಅದನ್ನು ಹೆಚ್ಚು ಮಾಡುತ್ತದೆ, ಅಷ್ಟೇ. ಪಾರ್ಕಿನ್ಸನ್ ಇರುವವರ ಕೈನಡುಕವೂ ಗಾಬರಿಯಾದಾಗ ಜಾಸ್ತಿಯಾಗುತ್ತದೆ, ಹಾಗಂತ ಅವರಿಗೆ ಯೋಚನೆ ಮಾಡಿ ಮಾಡಿ ಪಾರ್ಕಿನ್ಸನ್ ಬಂತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಮುಂದಿನ ಸಲ ಇಂಜೆಕ್ಷನ್‌ಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ್ ಬಾಯಿಂದಲೇ ಕೇಳಲಿ.

ನಿಮ್ಮ ಪತ್ರದಲ್ಲಿ ನನಗೆ ಕಂಡ ದೊಡ್ಡ ಟೆನ್ಷನ್ ಕೆಲಸದ್ದಲ್ಲ, ಮುಚ್ಚಿಡುವುದರದ್ದು. ಜನ ನೋಡುತ್ತಾರೆ ಅಂತ ತಲೆಯನ್ನು ಬಲವಂತವಾಗಿ ನೇರ ಹಿಡಿಯುತ್ತೀರಿ. ಎಳೆಯುವ ಸ್ನಾಯುವಿನ ಎದುರು ಇನ್ನೊಂದು ಸ್ನಾಯು ದಿನವಿಡೀ ಜಗ್ಗಬೇಕು, ಸಂಜೆಗೆ ನೋವು, ಸುಸ್ತು, ಅದರಿಂದ ಮತ್ತೆ ಟೆನ್ಷನ್. ಇದನ್ನು ಬಿಡಿ. ಗದ್ದಕ್ಕೋ ಕೆನ್ನೆಗೋ ತಲೆಯ ಹಿಂದಕ್ಕೋ ಬೆರಳು ಹಗುರವಾಗಿ ಮುಟ್ಟಿಸಿದರೆ ತುಂಬಾ ಜನರಿಗೆ ಎಳೆತ ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ನಿಮಗೆ ಎಲ್ಲಿ ಮುಟ್ಟಿದರೆ ಆಗುತ್ತದೆ ಅಂತ ಹುಡುಕಿಕೊಳ್ಳಿ, ಕೌಂಟರ್‌ನಲ್ಲೂ ಎಲ್ಲರೆದುರೇ ಮಾಡಿ. ಯಾರಾದರೂ ಕೇಳಿದರೆ "ನರದ ತೊಂದರೆ, ಚಿಕಿತ್ಸೆ ನಡೀತಾ ಇದೆ" ಅನ್ನಿ. ಅದಕ್ಕಿಂತ ಜಾಸ್ತಿ ವಿವರಣೆ ಯಾರಿಗೂ ಕೊಡಬೇಕಾಗಿಲ್ಲ. ಕುರ್ಚಿಯನ್ನು ಸ್ವಲ್ಪ ತಿರುಗಿಸಿ, ಗ್ರಾಹಕರು ನಿಮ್ಮ ಎಡಗಡೆಗೆ ಬರುವ ಹಾಗೆ ಕೂರಿ. ಮ್ಯಾನೇಜರ್‌ಗೆ ಹೇಳಿ ತಲೆ ಒರಗಿಸಲು ಬರುವ ಎತ್ತರದ ಬೆನ್ನಿನ ಕುರ್ಚಿ ಕೇಳಿ, ಸಂಕೋಚ ಬೇಡ.

ಕ್ಯೂ ಬೆಳೆದಾಗ ಮೊದಲು ಹಲ್ಲು ಕಚ್ಚಿದ್ದನ್ನು ಬಿಡಿ, ಹೆಗಲು ಕೆಳಗಿಳಿಸಿ, ಉಸಿರನ್ನು ನಿಧಾನವಾಗಿ ಉದ್ದಕ್ಕೆ ಹೊರಗೆ ಬಿಡಿ. ಬೆಳಿಗ್ಗೆ ಆರಾಮಾಗಿರುವಾಗ ಅಭ್ಯಾಸ ಮಾಡಿದ್ದರೆ ಮಾತ್ರ ಗಡಿಬಿಡಿಯಲ್ಲಿ ಇದು ಕೈಗೆ ಬರುತ್ತದೆ.

ಇನ್ನೊಂದು ಮಾತು. ಇಂಜೆಕ್ಷನ್ ಕೆಲಸ ಶುರು ಮಾಡಲು ಕೆಲವು ದಿನದಿಂದ ಎರಡು ವಾರ ಬೇಕು, ಸುಮಾರು ಮೂರು ತಿಂಗಳ ಹೊತ್ತಿಗೆ ಅದರ ಶಕ್ತಿ ಇಳಿಯುತ್ತದೆ. ಕೊನೆಯ ವಾರಗಳಲ್ಲಿ ಕುತ್ತಿಗೆ ಮತ್ತೆ ಎಳೆದರೆ ನೀವೇ ಟೆನ್ಷನ್ ಮಾಡಿಕೊಂಡು ಕೆಡಿಸಿಕೊಂಡಿರಿ ಅಂತಲ್ಲ, ಔಷಧಿ ಇಳಿದಿದೆ. ಆ ವಾರಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ದೂರದ ಓಡಾಟ ಆಗ ಇಟ್ಟುಕೊಳ್ಳಬೇಡಿ.

ಸಾಗರದ ಸದಸ್ಯರು:
ಮೇಡಂ, ನನಗೂ ಇದೇ ಕಾಯಿಲೆ. ಅಡಿಕೆ ಕೊನೆ ಕೊಯ್ಲು ಶುರುವಾದರೆ ಸುಲಿಯೋರನ್ನು ಹುಡುಕೋದು, ಬೇಯಿಸೋದು, ಮೋಡ ಕಟ್ಟಿದರೆ ಒಣಗಿಸೋದು ಹೇಗೆ ಅಂತ ರಾತ್ರಿ ನಿದ್ದೆ ಇಲ್ಲ. ಊರಲ್ಲೊಬ್ಬರು ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸಿದರೆ ಸರಿಯಾಗುತ್ತೆ ಅಂತಿದ್ದಾರೆ. ಹೋಗಲಾ?

ಉತ್ತರ:
ದಯವಿಟ್ಟು ಹೋಗಬೇಡಿ ಸರ್. ಇದು ಉಳುಕಲ್ಲ, ಮೂಳೆ ಜಾರಿದ್ದೂ ಅಲ್ಲ. ಜೋರಾಗಿ ತಿರುಗಿಸಿದರೆ ಕುತ್ತಿಗೆಯ ರಕ್ತನಾಳಕ್ಕೇ ಪೆಟ್ಟಾಗಬಹುದು. ಡಿಸ್ಟೋನಿಯಾ ಗೊತ್ತಿರುವ ಫಿಸಿಯೋಥೆರಪಿಸ್ಟ್ ಆದರೆ ಸರಿ. ತೋಟದಲ್ಲಿ ತಲೆ ಎತ್ತಿ ಕೊನೆ ನೋಡುತ್ತಾ ನಿಲ್ಲುವ ಕೆಲಸ ಮನೆಯ ಬೇರೆಯವರಿಗೆ ಬಿಡಿ, ಲೆಕ್ಕ ನೀವು ಇಟ್ಟುಕೊಳ್ಳಿ.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಾಯಿಲೆ ಇರುವವರಲ್ಲಿ ಆತಂಕ, ಖಿನ್ನತೆ ತುಂಬಾ ಸಾಮಾನ್ಯ. ನೋವಿನಷ್ಟೇ ಅದೂ ದಿನವನ್ನು ಹಾಳು ಮಾಡುತ್ತದೆ, ಅದಕ್ಕೆ ಬೇರೆಯಾಗಿಯೇ ಚಿಕಿತ್ಸೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಅಂತ ಕೇಳಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಕ್ಲೊನಾಜೆಪಾಮ್ (ಆತಂಕ, ಸ್ನಾಯುವಿನ ಎಳೆತ ಕಡಿಮೆ ಮಾಡುವ ಮಾತ್ರೆ) ಕೊಟ್ಟಿದ್ದರೆ ನೀವಾಗಿಯೇ ಹೆಚ್ಚು ಮಾಡಬೇಡಿ, ಒಮ್ಮೆಗೇ ನಿಲ್ಲಿಸಲೂ ಬೇಡಿ.

ಹೊಸನಗರದ ಸದಸ್ಯೆ:
ತುಂಬಾ ಥ್ಯಾಂಕ್ಸ್ ಮೇಡಂ. ಭಾನುವಾರ ಮೈದುನನ ಮನೆ ಗೃಹಪ್ರವೇಶ. ಹೋದ ವಾರವಷ್ಟೇ ಇಂಜೆಕ್ಷನ್ ಆಗಿದೆ. ತಪ್ಪಿಸಿಕೊಳ್ಳೋಣ ಅಂತಿದ್ದೆ.

ಉತ್ತರ:
ಹೋಗಿ ಬನ್ನಿ. ಊಟದ ಪಂಕ್ತಿಯಲ್ಲಿ ಎಲ್ಲರೂ ನಿಮ್ಮ ಎಡಕ್ಕೆ ಬರುವ ಹಾಗೆ ತುದಿಯಲ್ಲಿ ಕೂರಿ, ಬೆನ್ನಿಗೆ ಗೋಡೆ ಇದ್ದರೆ ಒಳ್ಳೆಯದು. ಸುಸ್ತಾದರೆ ಒಳಕೋಣೆಯಲ್ಲಿ ಹತ್ತು ನಿಮಿಷ ಮಲಗಿ ಎದ್ದು ಬನ್ನಿ. ಇಂಜೆಕ್ಷನ್ ಆದ ಮೊದಲ ವಾರಗಳಲ್ಲಿ ಕೆಲವರಿಗೆ ನುಂಗಲು ತೊಡಕಾಗುತ್ತದೆ, ಅದಕ್ಕೇ ನಿಧಾನವಾಗಿ ಊಟ ಮಾಡಿ. ಗಂಟಲಲ್ಲಿ ಸಿಕ್ಕಿಕೊಂಡ ಹಾಗಾದರೆ ಅವತ್ತೇ ನಿಮ್ಮ ಡಾಕ್ಟರ್‌ಗೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೆ ಫೋನ್‌ಗೆ ಕಾಯದೆ ಸೀದಾ ಆಸ್ಪತ್ರೆಗೆ ಹೋಗಿ.