ಮಂಗಳೂರಿನ ಭಾನುವಾರದ ಪೊರಕೆ ಹಾಸನದ ಮೂಲೆ ಸೈಟಿಗೆ ಒಗ್ಗುತ್ತಾ?

ಸಾಲಗಾಮೆ ರಸ್ತೆ ಮೇಷ್ಟ್ರು (ಹಾಸನ)

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವನು ನಾನು. ಮನೆ ಸಾಲಗಾಮೆ ರಸ್ತೆಯಿಂದ ಸ್ವಲ್ಪ ಒಳಗೆ. ಮಗಳು ಮಂಗಳೂರಿನಲ್ಲಿದ್ದಾಳೆ. ಮೊಮ್ಮಗಳ ನೆಪ ಹೇಳಿಕೊಂಡು ವರ್ಷಕ್ಕೆ ಮೂರು ತಿಂಗಳಾದರೂ ಅಲ್ಲಿ ಠಿಕಾಣಿ ಹೂಡುತ್ತೇನೆ. ಹಾಗಾಗಿ ಎರಡೂ ಊರಿನ ಸುದ್ದಿ ಓದುವ ಚಟ ಹತ್ತಿದೆ. ನಮ್ಮ ಪೇಪರಿನಲ್ಲಿ ಗೊರೂರು ಡ್ಯಾಂ ಮಟ್ಟ ಅಡಿ ಲೆಕ್ಕದಲ್ಲಿ ಬರುತ್ತದೆ, 2922 ಮುಟ್ಟಿದರೆ ಬಾಗಿನ. ಅಲ್ಲಿ ಬೇಸಿಗೆ ಬಂತೆಂದರೆ ನೇತ್ರಾವತಿಯ ತುಂಬೆ ಡ್ಯಾಮಿನದು ಮೀಟರ್ ಲೆಕ್ಕ. ಆರು ಮೀಟರ್ ಇದ್ದರೆ ಊರು ನಿರಾಳ. 2019ರಲ್ಲೂ 2023ರಲ್ಲೂ ಮೇ ತಿಂಗಳಿನಲ್ಲಿ ನೀರು ಇಳಿದು ನಲ್ಲಿಗೆ ರೇಷನ್ ಬಂತು. ಆ ನೀರಿನಲ್ಲಿ ನಮ್ಮ ಸಕಲೇಶಪುರದ್ದೂ ಪಾಲಿದೆ. ಎತ್ತಿನಹೊಳೆ, ಕೆಂಪುಹೊಳೆ ಎಲ್ಲ ಘಟ್ಟ ಇಳಿದು ಕುಮಾರಧಾರೆಗೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಆಗುವುದು ತಾನೇ. ಇರಲಿ, ನಾನು ಕೇಳಬೇಕೆಂದಿದ್ದು ನೀರಿನ ವಿಷಯ ಅಲ್ಲ, ಕಸದ ವಿಷಯ.

2017ರಲ್ಲಿ, ಮೊಮ್ಮಗಳು ಹುಟ್ಟಿದ ವರ್ಷ, ಒಂದು ಭಾನುವಾರ ಬೆಳಗ್ಗೆ ಮಗಳ ಮನೆ ಗೇಟಿನ ಹತ್ತಿರ ಕಾಫಿ ಲೋಟ ಹಿಡಿದು ನಿಂತಿದ್ದೆ. ರಾಮಕೃಷ್ಣ ಮಿಷನ್‌ನವರ ಸ್ವಚ್ಛ ಮಂಗಳೂರು ಅಭಿಯಾನದ ಗುಂಪು ಬಂತು. ಕಾಲೇಜು ಹುಡುಗರು, ಬ್ಯಾಂಕಿನವರಂತೆ ಕಾಣುವ ಒಬ್ಬರು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿ. ಚರಂಡಿ ಪಕ್ಕದ ಹುಲ್ಲು ಕಿತ್ತು, ಮಣ್ಣು ಬಗೆದು, ಬುಟ್ಟಿಗೆ ತುಂಬಿ ಲಾರಿಗೆ ಹಾಕಿದರು. ಮೊದಲನೇ ವಾರ ಸುಮ್ನೆ ನೋಡಿದೆ. ಎರಡನೇ ವಾರ ಲೋಟ ಒಳಗಿಟ್ಟು ಬಂದೆ. ಮೂರನೇ ವಾರ ಆ ಅಜ್ಜಿ ನನ್ನ ಕೈಗೆ ಹಿಡಿಸೂಡಿ ಕೊಟ್ಟರು. ನಾವು ಕಡ್ಡಿ ಪೊರಕೆ ಅನ್ನುವುದಕ್ಕೆ ಅಲ್ಲಿ ಹಾಗನ್ನುತ್ತಾರೆ ಅಂತ ಅವತ್ತೇ ಗೊತ್ತಾಗಿದ್ದು.

ಈಗ ನಮ್ಮ ಬೀದಿಗೆ ಬರುತ್ತೇನೆ. ಮೂಲೆಯಲ್ಲಿ ಒಂದು ಮೂವತ್ತು ನಲವತ್ತರ ಖಾಲಿ ಸೈಟು. ಓನರ್ ಬೆಂಗಳೂರಿನಲ್ಲಿದ್ದಾರೆ. ಪಾರ್ಥೇನಿಯಂ, ಹಳೇ ದಿಂಬು, ಎಳನೀರು ಬುರುಡೆ, ಮದುವೆ ಮನೆಯ ಪೇಪರ್ ತಟ್ಟೆ, ಅದರ ಮೇಲೆ ನಾಯಿಗಳ ಪಂಚಾಯ್ತಿ. ನಾವು ಐದು ಜನ ಐದು ಭಾನುವಾರ ಗುಡಿಸಿದೆವು. ಪ್ರತಿ ಸಲ ಸೋಮವಾರ ಸಂಜೆಗೆ ಮೊದಲನೇ ಕವರ್ ಬಿದ್ದಿರುತ್ತಿತ್ತು. ಐದನೇ ವಾರ ನಾನೊಬ್ಬನೇ ಉಳಿದೆ, ಜೊತೆಗೆ ಎದುರು ಮನೆ ಹುಡುಗ. ಅವನೂ ಅವರಮ್ಮ ಬೈದಿದ್ದಕ್ಕೆ ಬಂದಿದ್ದು.

ಮಂಗಳೂರಿನವರು ವರ್ಷಗಟ್ಟಲೆ ಇದನ್ನು ಹೇಗೆ ನಡೆಸಿದಿರಿ? ಇನ್ನೊಂದು, ಅಲ್ಲಿ ವಾರ್ಡ್ ಕಮಿಟಿ ಅಂತ ಇದೆಯಂತಲ್ಲ, ಅದು ನಮ್ಮ ಊರಿಗೂ ಸಿಗುತ್ತದಾ? ಮಗಳ ಜೊತೆ ಒಮ್ಮೆ ಒಂದು ಮೀಟಿಂಗಿಗೆ ಹೋಗಿದ್ದೆ. ಬೀದಿ ದೀಪದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು, ಆದರೆ ಇಂಜಿನಿಯರ್ ಎದುರಿಗೇ ಕೂತು ಬರೆದುಕೊಂಡರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಉರ್ವದ ಅಕ್ಕ (ಮಂಗಳೂರು)

ಮಾಷ್ಟ್ರೇ, ನಿಮಗೆ ಹಿಡಿಸೂಡಿ ಕೊಟ್ಟ ಅಜ್ಜಿ ನಾನಲ್ಲ, ಆದರೆ ಅಂಥ ಅಜ್ಜಿಯಂದಿರ ಜೊತೆ ಎರಡು ವರ್ಷ ಹೋದವಳು.

ಭಾನುವಾರ ಗುಡಿಸುವುದು ಫೋಟೋಕ್ಕೆ ಚಂದ. ಕೆಲಸ ಇರುವುದು ಸೋಮವಾರದಿಂದ ಶನಿವಾರದವರೆಗೆ. ನಮ್ಮ ರಸ್ತೆಯ ಒಂದು ತಿರುವು ನಿಮ್ಮ ಸೈಟಿನ ಹಾಗೇ ಇತ್ತು. ಗುಡಿಸಿದ ದಿನವೇ ಅಲ್ಲಿ ಹೂಕುಂಡ ಇಟ್ಟೆವು. ಎರಡು ಕುಂಡ ಕಳುವಾಯಿತು, ಮತ್ತೆರಡು ಇಟ್ಟೆವು. ರಾತ್ರಿ ಎಂಟರಿಂದ ಹತ್ತರವರೆಗೆ ಇಬ್ಬಿಬ್ಬರು ಅಲ್ಲೇ ಪಟ್ಟಾಂಗ ಹೊಡೆದುಕೊಂಡು ನಿಂತಿದ್ದೆವು. ಕವರ್ ಹಿಡಿದು ಬಂದವರಿಗೆ ಬೈಯಲಿಲ್ಲ. "ಎಂತ, ನಾಳೆ ಗಾಡಿ ಬರುವುದಿಲ್ವಾ?" ಅಂತ ಕೇಳುವುದು, ಅಷ್ಟೇ. ಆ ಕವರ್ ಹಾಗೇ ವಾಪಸ್ ಮನೆಗೆ ಹೋಗುತ್ತಿತ್ತು. ಮೂರು ತಿಂಗಳು ಬೇಕಾಯಿತು ಮಾರಾಯ್ರೆ.

ಹಾಗಂತ ನಮ್ಮ ಊರನ್ನು ಸ್ವರ್ಗ ಮಾಡಬೇಡಿ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯಲ್ಲಿ ನಮ್ಮ ಊರಿನ ಕಸ ಸುರಿದ ಗುಡ್ಡ ಜಾರಿ, ಪಕ್ಕದ ಮಂದಾರ ಅನ್ನುವ ಊರಿನ ಮೇಲೆ ಹೋಗಿ ಬಿತ್ತಲ್ಲ. ಮನೆ, ಅಡಿಕೆ ತೋಟ ಎಲ್ಲ ಅಡಿಗೆ ಹೋಯಿತು. ನಾನು ನೋಡಲು ಹೋಗಿದ್ದೆ. ಒಂದು ಕಡೆ ಅಡಿಕೆ ಮರದ ತಲೆ ಮಾತ್ರ ಕಾಣುತ್ತಿತ್ತು, ಅದರ ಬುಡ ಎಲ್ಲಿ ಅಂತ ಕೇಳಿದರೆ ಪ್ಲಾಸ್ಟಿಕ್. ಅದರಲ್ಲಿ ನಮ್ಮ ಮನೆಯ ಹಾಲಿನ ತೊಟ್ಟೆಯೂ ಇದ್ದೀತು ಅಂತ ಅನಿಸಿತು. ಆಮೇಲೆ ನಾನು ಹಸಿಕಸ ಗಾಡಿಗೆ ಕೊಟ್ಟಿಲ್ಲ. ಮಡಕೆ ಗೊಬ್ಬರ ಮಾಡುತ್ತೇನೆ. ತಳಕ್ಕೆ ತೆಂಗಿನ ನಾರು, ಮೇಲೆ ತರಕಾರಿ ಸಿಪ್ಪೆ, ಅದರ ಮೇಲೆ ಒಣ ಎಲೆ. ಬೂತಾಯಿ ಮೀನಿನ ತಲೆ ಮಾತ್ರ ಹಾಕಬೇಡಿ, ಬೆಕ್ಕು ಮಡಕೆಯನ್ನೇ ಉರುಳಿಸಿ ಹೋಗುತ್ತದೆ.

ಒಂದು ಕೇಳ್ತೇನೆ. ನಿಮ್ಮ ಸೈಟಿಗೆ ಕಸ ಹಾಕುವವರು ಯಾರು, ಯಾವ ಹೊತ್ತಿಗೆ ಹಾಕುತ್ತಾರೆ, ನೋಡಿದ್ದೀರಾ?

ಕೊನೇ ಬೆಂಚು (ಚಿಕ್ಕಮಗಳೂರು)

ಸಾರ್, ನಮ್ಮ ಕಡೆ ಇನ್ನೊಂದು ಥರ. ಮುಳ್ಳಯ್ಯನಗಿರಿಗೆ ವೀಕೆಂಡಿನಲ್ಲಿ ಬಂದವರು ಬಿಟ್ಟು ಹೋಗುವ ಬಾಟಲಿ ಆರಿಸುವುದೇ ಸೋಮವಾರದ ಕೆಲಸ. ನಿಮ್ಮಲ್ಲಿ ಕಸ ಹಾಕುವವರು ಬೀದಿಯವರೇ ಆದರೆ ಗುರುತಾದರೂ ಸಿಗುತ್ತದೆ.

ಸುಲಭದ ಉಪಾಯ ಹೇಳ್ತೀನಿ. ಗೋಡೆಗೆ ಮೂರು ಧರ್ಮದ ದೇವರ ಟೈಲ್ಸ್ ಅಂಟಿಸಿ. ನಮ್ಮ ಅತ್ತೆ ಮನೆ ಬೀದಿಯಲ್ಲಿ ಕೆಲಸ ಮಾಡಿದೆ.

ವಾರ್ಡ್ ಮೀಟಿಂಗ್ ಗಿರಾಕಿ (ಮಂಗಳೂರು)

ವಾರ್ಡ್ ಕಮಿಟಿ ಬಗ್ಗೆ ನನಗೆ ಗೊತ್ತಿರುವಷ್ಟು. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಬಂದ 243-ಎಸ್ ಕಲಮಿನ ಪ್ರಕಾರ, ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ ಇದು ಕಡ್ಡಾಯ. ಮಂಗಳೂರು 2011ರ ಜನಗಣತಿಯಲ್ಲೇ ನಾಲ್ಕೂವರೆ ಲಕ್ಷ ದಾಟಿತ್ತು. ಹಾಸನ ಆಗ ಒಂದೂವರೆ ಲಕ್ಷದ ಆಸುಪಾಸು. ಹಾಗಾಗಿ ಆ ಕಲಮು ಹಿಡಿದು ನೀವು ಜಗಳ ಮಾಡಲಿಕ್ಕೆ ಆಗುವುದಿಲ್ಲ. ಮಹಾನಗರ ಪಾಲಿಕೆಗಳಿಗೆ ಅವುಗಳದ್ದೇ 1976ರ ಕರ್ನಾಟಕ ಕಾಯ್ದೆಯಲ್ಲಿ ಬೇರೆ ಏರ್ಪಾಡು ಉಂಟು. ಕಾರ್ಪೊರೇಟರ್ ಅಧ್ಯಕ್ಷರು, ಹತ್ತು ಜನ ನಾಮಕರಣಗೊಂಡ ಸದಸ್ಯರು. ಅದರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘದವರಿಗೆ ಜಾಗ ಮೀಸಲು.

ಆದರೆ ಕಮಿಟಿ ಇದ್ದ ಮಾತ್ರಕ್ಕೆ ಎಲ್ಲ ಆಗುತ್ತದೆ ಅಂದುಕೊಳ್ಳಬೇಡಿ. ಇಲ್ಲಿ 60 ವಾರ್ಡ್. ಕೆಲವು ಕಡೆ ಮೀಟಿಂಗ್ ಚಂದ ನಡೆದವು, ಕೆಲವು ಕಡೆ ಚಹಾ ಕುಡಿದು ಎದ್ದರು. 2025ರ ಫೆಬ್ರವರಿಯಲ್ಲಿ ಪಾಲಿಕೆ ಪರಿಷತ್ತಿನ ಅವಧಿ ಮುಗಿಯಿತು. ಕಾರ್ಪೊರೇಟರೇ ಇಲ್ಲದಿದ್ದರೆ ಅಧ್ಯಕ್ಷರ ಕುರ್ಚಿಯಲ್ಲಿ ಯಾರು ಕೂರುವುದು? ನಾನು ಕಲಿತ ಒಂದೇ ಬುದ್ಧಿ: ಮೀಟಿಂಗ್ ಮುಗಿದ ಮೇಲೆ ನಡಾವಳಿಯ ಪ್ರತಿ ಕೇಳುವುದು. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ. ಬರೆದಿಟ್ಟದ್ದನ್ನು ಮುಂದಿನ ತಿಂಗಳು ಓದಿ ಹೇಳಿದರೆ ಇಂಜಿನಿಯರಿಗೂ ಮರೆಯಲಿಕ್ಕೆ ಕಷ್ಟ.

ನಿಮ್ಮ ಸೈಟಿನ ವಿಷಯಕ್ಕೆ ಕಮಿಟಿ ಬೇಕಾಗಿಲ್ಲ. ಬೀದಿಯವರೆಲ್ಲ ಸಹಿ ಹಾಕಿ, ಓನರಿಗೆ ನೋಟಿಸ್ ಕೊಡಿ ಅಂತ ಅರ್ಜಿ ಹಾಕಿ. ಖಾತೆ ನಂಬರ್ ಬರೆಯಿರಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಹಿಂದೆ ಬರಬೇಡಿ.

ಸಾಲಗಾಮೆ ರಸ್ತೆ ಮೇಷ್ಟ್ರು (ಹಾಸನ)

ಉತ್ತರ ತಡವಾಯಿತು, ಕ್ಷಮಿಸಿ. ಉರ್ವದ ಅಕ್ಕ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ "ದತ್ತಾಂಶ ಬರೆದುಕೊಂಡು ಆಮೇಲೆ ಲೆಕ್ಕ ಮಾಡು" ಅಂತ ಹೇಳಿದವನು, ನಾನೇ ಬರೆದುಕೊಂಡಿರಲಿಲ್ಲ. ಅದಕ್ಕೆ ಒಂದು ವಾರ ಬೆಳಗ್ಗೆ ಐದೂವರೆಯಿಂದ ಒಂಬತ್ತರವರೆಗೆ, ಮತ್ತೆ ಸಂಜೆ, ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಎರಡು ರೂಪಾಯಿಯ ಪೆನ್ನು, ಹಳೇ ಹಾಜರಿ ಪುಸ್ತಕ. ಮನೆಯವಳು "ಕಸಕ್ಕೂ ಅಟೆಂಡೆನ್ಸಾ?" ಅಂತ ನಕ್ಕಳು.

ವಾರಕ್ಕೆ ಹದಿನೇಳು ಕವರ್ ಬಿತ್ತು. ಅದರಲ್ಲಿ ಹನ್ನೊಂದು ಬೆಳಗ್ಗೆ ಆರೂವರೆಯಿಂದ ಏಳೂಕಾಲಿನ ಒಳಗೆ. ಎಲ್ಲ ನಾಲ್ಕೇ ಮನೆಯವು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಸ್ಕೂಟರ್ ನಿಲ್ಲಿಸುವುದೂ ಇಲ್ಲ, ನಿಧಾನ ಮಾಡಿ ಎಸೆದು ಹೋಗುತ್ತಾರೆ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಗಡಿಯಾರ ನೋಡಿದೆ. ಕಸದ ಆಟೋ ನಮ್ಮ ಬೀದಿಗೆ ಬರುವುದು ಎಂಟೂವರೆ ಮೇಲೆ. ಅಷ್ಟು ಹೊತ್ತಿಗೆ ಅವರ ಮನೆಗೆ ಬೀಗ. ಹಸಿಕಸ ಹೊರಗಿಟ್ಟು ಹೋದರೆ ನಾಯಿ ಎಳೆಯುತ್ತದೆ, ಒಳಗಿಟ್ಟರೆ ಸಂಜೆಗೆ ನಾತ. ಅವರಾದರೂ ಏನು ಮಾಡಬೇಕು ಹೇಳಿ. ಐದು ಭಾನುವಾರ ನಾವು ಗುಡಿಸಿದ್ದು ಈ ಒಂದೆರಡು ಗಂಟೆಯ ವ್ಯತ್ಯಾಸವನ್ನ, ಅಷ್ಟೇ.

ನಮ್ಮ ಗೇಟಿನ ಒಳಬದಿಯಲ್ಲಿ, ನಾಯಿಗೆ ಎಟುಕದ ಎತ್ತರಕ್ಕೆ ಎಂಟು ಕೊಕ್ಕೆ ಹೊಡೆಸಿದೆ. ಮನೆಗೆ ಎರಡು, ಒಂದು ಹಸಿ ಒಂದು ಒಣ. ಬೆಳಗ್ಗೆ ಹೋಗುವಾಗ ನೇತುಹಾಕಿ ಹೋಗಲಿ, ಆಟೋ ಬಂದಾಗ ನಾವು ಕೊಡುತ್ತೇವೆ ಅಂತ ನಾಲ್ಕೂ ಮನೆಗೆ ಹೋಗಿ ಹೇಳಿದೆ. ಮೂರು ಮನೆಯವರು ಮಾರನೇ ದಿನವೇ ಶುರು ಮಾಡಿದರು. ನಾಲ್ಕನೆಯವರು "ನಮ್ಮ ಕಸ ನೀವು ನೋಡೋದು ಮುಜುಗರ" ಅಂದರು. ನ್ಯಾಯವೇ ಅಲ್ವಾ. ಅವರು ಈಗ ಕವರಿಗೆ ಎರಡು ಗಂಟು ಹಾಕಿ ತರುತ್ತಾರೆ. ಓನರಿಗೆ ನೋಟಿಸ್ ಕೊಡಲು ಅರ್ಜಿಯನ್ನೂ ಹಾಕಿದ್ದೇನೆ, ಸೀಲ್ ಬಿದ್ದಿದೆ.

ಕೊನೇ ಬೆಂಚಿನವರೇ, ಟೈಲ್ಸ್ ಬೇಡ ಅನಿಸಿತು. ದೇವರನ್ನು ಕಸ ಕಾಯಲು ಕೂರಿಸುವುದು ನನಗೆ ಒಪ್ಪಿಗೆ ಆಗಲಿಲ್ಲ.

ಈಗ ಉಳಿದಿರುವುದು ಎಳನೀರು ಬುರುಡೆ. ಅದು ಹಾಜರಿ ಪುಸ್ತಕಕ್ಕೆ ಸಿಗಲಿಲ್ಲ, ರಾತ್ರಿ ಹನ್ನೊಂದರ ಮೇಲೆ ಬೀಳುತ್ತದೆ. ಬುರುಡೆಯೊಳಗೆ ಮಳೆ ನೀರು ನಿಂತು, ಒಂದರಲ್ಲಿ ಬಗ್ಗಿ ನೋಡಿದರೆ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. 2024ರಲ್ಲಿ ಡೆಂಗಿ ನಮ್ಮ ಜಿಲ್ಲೆಯನ್ನು ಹೆದರಿಸಿದ್ದು ಇನ್ನೂ ಮರೆತಿಲ್ಲ. ಮಂಗಳೂರಿನವರು ಮಲೇರಿಯಾದ ಜೊತೆ ಎಷ್ಟೋ ವರ್ಷದಿಂದ ಏಗಿದವರು. ಅಕ್ಕಾ, ಎಳನೀರು ಗಾಡಿಯವರ ಜೊತೆ ನೀವು ಹೇಗೆ ಮಾತಾಡಿದಿರಿ?

ಉರ್ವದ ಅಕ್ಕ (ಮಂಗಳೂರು)

ಕೊಕ್ಕೆಯ ಉಪಾಯ ನಮಗೂ ಹೊಳೆದಿರಲಿಲ್ಲ ಮಾಷ್ಟ್ರೇ, ನಮ್ಮ ಬಿಲ್ಡಿಂಗಿನಲ್ಲಿ ಹೇಳಿದ್ದೇನೆ.

ನಿಮ್ಮ ಎಳನೀರಿಗೆ ನಾವು ಬೊಂಡ ಅನ್ನುವುದು. ಬೊಂಡದವರಿಗೆ ಬುರುಡೆ ಭಾರ, ಕಸದ ಗಾಡಿಯವರು ಎಲ್ಲ ಕಡೆ ತೆಗೆದುಕೊಳ್ಳುವುದಿಲ್ಲ. ಮೊದಲು ಬೊಂಡದವರ ಹತ್ತಿರ ಎಂಟು ದಿನ ಬೊಂಡ ಕುಡಿಯಿರಿ. ಒಂಬತ್ತನೇ ದಿನ ಮಾತು ಶುರು ಮಾಡಿ. ನಾವು ಒಬ್ಬರನ್ನು ಒಪ್ಪಿಸಿದ್ದು ಹಾಗೆ. ಬುರುಡೆಯನ್ನು ನಾಲ್ಕು ಸೀಳು ಮಾಡಿ ಗೋಣಿಗೆ ಹಾಕುತ್ತಾರೆ. ಸೀಳಿದರೆ ನೀರು ನಿಲ್ಲುವುದಿಲ್ಲ, ಒಣಗಿದರೆ ಬಚ್ಚಲ ಒಲೆಗೆ ಕೇಳಿ ಪಡೆಯುವವರೂ ಇದ್ದಾರೆ.

ಸಾಲಗಾಮೆ ರಸ್ತೆ ಮೇಷ್ಟ್ರು (ಹಾಸನ)

ನನಗೆ ಶುಗರ್ ಇದೆ ಅಕ್ಕ. ಎಂಟು ದಿನ ಎದುರು ಮನೆ ಹುಡುಗನನ್ನು ಕಳಿಸುತ್ತೇನೆ.