ಪಿ 0135 ಕೋಡ್: ಎರಡೂ ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕೇ?

ಪ್ರಶ್ನೆ – ತುಮಕೂರು ನಿವಾಸಿ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಮಾದರಿಯ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಕೆಲವು ವಾರಗಳಿಂದ ಚೆಕ್ ಎಂಜಿನ್ ದೀಪ ಆರುತ್ತಲೇ ಇಲ್ಲ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿದಾಗ ಪಿ 0135 ಎಂಬ ಒಂದೇ ಕೋಡ್ ಬಂದಿತು; ಆದರೂ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ, ಮುಂದಿನ ಮತ್ತು ಹಿಂದಿನ ಎರಡೂ ಆಕ್ಸಿಜನ್ ಸೆನ್ಸರ್‌ಗಳನ್ನು ಒಟ್ಟಿಗೆ ಬದಲಿಸುವಂತೆ ಅಲ್ಲಿ ಸೂಚಿಸಿದ್ದಾರೆ. ಊರೊಳಗೆ ಅಂಗಡಿ, ಶಾಲೆ ಎಂದು ಓಡಾಡುವಾಗ ಮೈಲೇಜ್ ಸ್ಪಷ್ಟವಾಗಿ ಇಳಿದಿದೆ. ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗಿಬಂದರೆ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಬರುತ್ತಿದೆ. ಬಂಕ್‌ಗಳಲ್ಲಿ ಈಗ ಸಿಗುತ್ತಿರುವ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲಿನಿಂದ ಸೆನ್ಸರ್ ಕೆಟ್ಟಿರಬಹುದೇ? ಎರಡನ್ನೂ ಬದಲಿಸುವುದು ಅಗತ್ಯವೇ? ಎಮಿಷನ್ ಟೆಸ್ಟಿನ ಅವಧಿಯೂ ಮುಗಿಯುತ್ತ ಬಂದಿರುವುದರಿಂದ ಬೇಗ ತೀರ್ಮಾನಿಸಬೇಕಾಗಿದೆ.

ಉತ್ತರ – ಮಲೆನಾಡು ಚಾಲಕ

ಸರ್, ಪಿ 0135 ಎಂದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂದೆ ಇರುವ ಮೊದಲನೆಯ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷವಿದೆ ಎಂದರ್ಥ. ಹಿಂದಿನ ಸೆನ್ಸರಿನ ಹೀಟರ್ ಕೆಟ್ಟಿದ್ದರೆ ಪಿ 0141 ಬರಬೇಕಿತ್ತು. ಆದ್ದರಿಂದ ಈಗಿನ ಆಧಾರದ ಮೇಲೆ ಎರಡನೆಯದನ್ನು ಬದಲಿಸಲು ಯಾವ ಕಾರಣವೂ ನನಗೆ ಕಾಣುತ್ತಿಲ್ಲ. ಮೊದಲನೆಯದನ್ನು ಕೂಡ ಪರೀಕ್ಷಿಸದೆ ಬದಲಿಸಬೇಡಿ, ಏಕೆಂದರೆ ಕೋಡ್ ಹೇಳುವುದು ಸರ್ಕ್ಯೂಟಿನ ವಿಷಯವನ್ನು. ಆ ಸರ್ಕ್ಯೂಟಿನಲ್ಲಿ ಫ್ಯೂಸ್, ವೈರು, ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಎಲ್ಲವೂ ಸೇರಿವೆ.

ಊರೊಳಗೆ ಮೈಲೇಜ್ ಇಳಿದು ಹೆದ್ದಾರಿಯಲ್ಲಿ ಇಳಿಯದಿರುವುದು ಬಹಳ ಉಪಯುಕ್ತವಾದ ಸುಳಿವು. ಈ ಸೆನ್ಸರಿನೊಳಗಿನ ಜಿರ್ಕೋನಿಯಾ ಎಂಬ ಸೆರಾಮಿಕ್ ಭಾಗ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ನಂಬಬಹುದಾದ ವೋಲ್ಟೇಜ್ ಕೊಡುತ್ತದೆ, ಅಷ್ಟು ಬಿಸಿಯನ್ನು ಬೇಗ ತಲುಪಿಸುವುದೇ ಹೀಟರಿನ ಕೆಲಸ. ಹೀಟರ್ ಸತ್ತರೆ ಸೆನ್ಸರ್ ಸೈಲೆನ್ಸರಿನ ಬಿಸಿಯಿಂದಲೇ ನಿಧಾನವಾಗಿ ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಸೆನ್ಸರಿನ ಮಾತು ಕೇಳದೆ ತನ್ನಲ್ಲಿ ಮೊದಲೇ ತುಂಬಿರುವ ಲೆಕ್ಕದಂತೆ ಪೆಟ್ರೋಲ್ ಹಾಕುತ್ತಿರುತ್ತದೆ. ಸಣ್ಣ ಓಡಾಟಗಳು ಆ ಹಂತದಲ್ಲೇ ಮುಗಿದುಹೋಗುತ್ತವೆ, ಹೆದ್ದಾರಿಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಇ20 ಬಗ್ಗೆ: ಎಥೆನಾಲಿನಲ್ಲಿ ಶಕ್ತಿ ಕಡಿಮೆ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ನಿಜ, ಆದರೆ ಆ ಇಳಿಕೆ ಹೆದ್ದಾರಿಯಲ್ಲೂ ಕಾಣಬೇಕು. ಹೀಟರಿನ ತಂತಿ ತುಂಡಾಗುವುದಕ್ಕೂ ಇಂಧನಕ್ಕೂ ಸಂಬಂಧವಿಲ್ಲ.

ಪರೀಕ್ಷೆ ಹೀಗೆ ಮಾಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಪ್ಲರ್ ಬಿಚ್ಚಿ, ಸೆನ್ಸರ್ ಕಡೆಯ ನಾಲ್ಕು ವೈರುಗಳಲ್ಲಿ ಒಂದೇ ಬಣ್ಣದ ಎರಡನ್ನು ಹುಡುಕಿ. ಬಹಳಷ್ಟು ಕಾರುಗಳಲ್ಲಿ ಅವೇ ಹೀಟರಿನ ವೈರುಗಳು. ಅವುಗಳ ನಡುವೆ ಮಲ್ಟಿಮೀಟರ್ ಕೆಲವೇ ಓಮ್‌ಗಳಿಂದ ಸುಮಾರು 15 ಓಮ್‌ವರೆಗೆ ತೋರಿಸಿದರೆ ಹೀಟರ್ ಸಾಮಾನ್ಯವಾಗಿ ಸರಿಯಿದೆ. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ನಂತರ ಎಂಜಿನ್ ಚಾಲೂ ಮಾಡಿ, ಕಾರಿನ ಕಡೆಯ ಕಪ್ಲರಿನಲ್ಲಿ ಹೀಟರಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ. ಬಾರದಿದ್ದರೆ ಮೊದಲು ಫ್ಯೂಸ್ ನೋಡಬೇಕು, ಹೊಸ ಸೆನ್ಸರ್ ಹಾಕಿದರೂ ದೀಪ ಆರುವುದಿಲ್ಲ.

ತುಮಕೂರು ನಿವಾಸಿ

ವಿವರಕ್ಕೆ ಧನ್ಯವಾದಗಳು. ಅಳೆದು ನೋಡಿದೆ. ಕಾರಿನ ಕಡೆಯಿಂದ 12 ವೋಲ್ಟ್ ಸರಿಯಾಗಿ ಬರುತ್ತಿದೆ, ಸೆನ್ಸರಿನ ಹೀಟರ್ ಮಾತ್ರ ತುಂಡಾಗಿದೆ. ಹಿಂದಿನ ಸೆನ್ಸರಿನ ಹೀಟರ್ ಸರಿಯಾಗಿದೆ. ಮುಂದಿನದನ್ನು ಮಾತ್ರ ಬದಲಿಸುತ್ತೇನೆ. ಅಂಗಡಿಯಲ್ಲಿ ಕಪ್ಲರ್ ಇಲ್ಲದ, ಹಳೆಯ ಕಪ್ಲರಿನ ವೈರಿಗೆ ಜೋಡಿಸಿಕೊಳ್ಳುವ ಯೂನಿವರ್ಸಲ್ ಸೆನ್ಸರ್ ಕಡಿಮೆ ಬೆಲೆಗೆ ಸಿಗುತ್ತಿದೆ. ಅದು ಆಗಬಹುದೇ?

ಉತ್ತರ – ಹಳೇ ಮೆಕ್ಯಾನಿಕ್

ದಯವಿಟ್ಟು ಅದನ್ನು ಕೊಳ್ಳಬೇಡಿ. ಸೆನ್ಸರ್ ಕೆಲಸ ಮಾಡುವುದು ಸೈಲೆನ್ಸರಿನೊಳಗಿನ ಆಮ್ಲಜನಕವನ್ನು ಹೊರಗಿನ ಗಾಳಿಯ ಆಮ್ಲಜನಕದೊಂದಿಗೆ ಹೋಲಿಸಿ. ಅನೇಕ ಸೆನ್ಸರ್‌ಗಳಿಗೆ ಆ ಹೊರಗಾಳಿ ತಲುಪುವುದು ವೈರಿನ ಎಳೆಗಳ ನಡುವಿನ ಸಂದಿಯಿಂದಲೇ. ಬೆಸುಗೆ ಹಾಕಿದರೆ ಅಥವಾ ಕಪ್ಲರಿಗೆ ಗ್ರೀಸ್ ಬಳಿದರೆ ಆ ದಾರಿ ಮುಚ್ಚಬಹುದು. ಹಳೆಯ ಸೆನ್ಸರಿನ ಮೇಲಿರುವ ಪಾರ್ಟ್ ನಂಬರ್ ಹೊಂದಿಸಿ, ಕಪ್ಲರ್ ಸಮೇತ ಬರುವುದನ್ನೇ ತನ್ನಿ. ಬಾಷ್, ಡೆನ್ಸೊ, ಎನ್‌ಟಿಕೆ ಈ ಕ್ಷೇತ್ರದಲ್ಲಿ ಹಳೆಯ ತಯಾರಕರು; ನಕಲಿ ಮಾಲು ಇರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಬಿಚ್ಚುವಾಗ ಅವಸರ ಬೇಡ. ಸಾಮಾನ್ಯವಾಗಿ ಇದು 22 ಮಿ.ಮೀ. ನಟ್ಟು, 18 ಮಿ.ಮೀ. ಥ್ರೆಡ್. ವೈರು ಹೊರಗೆ ಬರಲು ಪಕ್ಕದಲ್ಲಿ ಸೀಳಿರುವ ಸೆನ್ಸರ್ ಸಾಕೆಟ್ ಇದ್ದರೆ ನಟ್ಟಿನ ಅಂಚು ಸವೆಯುವುದಿಲ್ಲ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮರುದಿನ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಪೈಪು ಬೆಚ್ಚಗಿರುವಾಗ ದಪ್ಪ ಕೈಗವಸು ಹಾಕಿಕೊಂಡು ತಿರುಗಿಸಿ. ಬಿಗಿಯಾದರೆ ಬಲ ಹಾಕದೆ ಮತ್ತೆ ಒಂದಿಷ್ಟು ಒಳಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು, ಪುನಃ ಹೊರಕ್ಕೆ ತಿರುಗಿಸಬೇಕು. ಥ್ರೆಡ್ ಕಿತ್ತುಬಂದರೆ ಖರ್ಚು ಸೆನ್ಸರಿನ ಬೆಲೆಯನ್ನೂ ಮೀರಬಹುದು. ನಾನು ಹೆಚ್ಚು ಕಂಡಿರುವ ನಷ್ಟ ಇದೇ.

ಹೊಸದರ ಥ್ರೆಡ್ಡಿಗೆ ಸಾಮಾನ್ಯವಾಗಿ, ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ ಸೀಜ್ ಲೇಪನ ಬಂದಿರುತ್ತದೆ. ತುದಿಯನ್ನು ಬೆರಳಿನಿಂದ ಮುಟ್ಟಬೇಡಿ. ಸಿಲಿಕೋನ್ ಸೀಲೆಂಟನ್ನಂತೂ ಅದರ ಹತ್ತಿರಕ್ಕೂ ತರಬೇಡಿ, ಅದರ ಆವಿಯೇ ಸೆನ್ಸರನ್ನು ಕೆಡಿಸುತ್ತದೆ. ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ, ಆಮೇಲೆ ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಟಾರ್ಕಿಗೆ ಬಿಗಿ ಮಾಡಿ. ವೈರು ಬಿಸಿ ಪೈಪಿಗೆ ತಾಗದಂತೆ ಹಳೆಯ ಕ್ಲಿಪ್ಪಿಗೇ ಸಿಕ್ಕಿಸಿ.

ಉತ್ತರ – ಮಲೆನಾಡು ಚಾಲಕ

ಮೇಲಿನವರು ಹೇಳಿದ್ದಕ್ಕೆ ಇಷ್ಟನ್ನು ಸೇರಿಸುತ್ತೇನೆ. ಕೋಡ್ ಅಳಿಸಿದ ಮೇಲೆ ಒಬಿಡಿ ರೀಡರಿನಲ್ಲಿ (ಕೋಡ್ ಓದುವ ಸ್ಕ್ಯಾನರ್) ಲೈವ್ ಡೇಟಾ, ಅಂದರೆ ಸೆನ್ಸರ್‌ಗಳ ಆ ಕ್ಷಣದ ಅಳತೆ ನೋಡಿ: ಬಿಸಿಯಾದ ಎಂಜಿನ್ನಿನಲ್ಲಿ ಮುಂದಿನ ಸೆನ್ಸರ್ ಸುಮಾರು 0.1 ಮತ್ತು 0.9 ವೋಲ್ಟ್‌ಗಳ ನಡುವೆ ಬೇಗಬೇಗ ಏರಿಳಿಯಬೇಕು, ಹಿಂದಿನದು ಬಹುಮಟ್ಟಿಗೆ ಸ್ಥಿರವಾಗಿರಬೇಕು. ಹಿಂದಿನದೂ ಮುಂದಿನದರಂತೆಯೇ ಏರಿಳಿಯುತ್ತಿದ್ದರೆ ಕ್ಯಾಟಲಿಟಿಕ್ ಕನ್ವರ್ಟರಿನ ಕಡೆಗೆ ಗಮನ ಕೊಡಬೇಕಾಗುತ್ತದೆ.

ಎಮಿಷನ್ ಟೆಸ್ಟಿಗೆ ಸೆನ್ಸರ್ ಬದಲಿಸಿದ ಮೇಲೆಯೇ ಹೋಗಿ. ಬಿಎಸ್ 4 (ಭಾರತ್ ಸ್ಟೇಜ್ 4 ಹೊಗೆ ಮಾನದಂಡದ) ಪೆಟ್ರೋಲ್ ಕಾರುಗಳ ಲ್ಯಾಂಬ್ಡಾ (ಗಾಳಿ ಮತ್ತು ಪೆಟ್ರೋಲ್ ಮಿಶ್ರಣದ ಅಂಕಿ; 1 ಎಂದರೆ ಸರಿಯಾದ ಪ್ರಮಾಣ) 0.97 ಮತ್ತು 1.03ರ ನಡುವೆ ಇರಬೇಕು. ಸೈಲೆನ್ಸರಿನ ಜೋಡಣೆಯಲ್ಲಿ ಸೋರಿಕೆಯಿದ್ದರೆ ಹೊರಗಾಳಿ ಒಳಸೇರಿ ಈ ಅಂಕಿ ಏರುವುದರಿಂದ, ಕಾರಿನಡಿ ಇರುವಾಗಲೇ ಗ್ಯಾಸ್ಕೆಟ್‌ಗಳನ್ನೂ ನೋಡಿಬಿಡಿ. ಟೆಸ್ಟಿಗೆ ಮುಂಚೆ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿಕೊಂಡು ಹೋಗಿ.